ಮೋಟರ್‌ಹೋಮ್ ವಾಟರ್ ಹೀಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೋಟರ್‌ಹೋಮ್ ಎಂದರೆ ಒಳಗೇ ವಾಸಿಸಬಹುದಾದ ಗಾಡಿ. ಅದರೊಳಗಿನ ವಾಟರ್ ಹೀಟರ್ ಬಗ್ಗೆ ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಕೆಟ್ಟ ಹೀಟರ್ ಎಂದಾಕ್ಷಣ ಕಂಟ್ರೋಲ್ ಬೋರ್ಡ್ ಕೊಳ್ಳಲು ಹೊರಡುವವರೇ ಹೆಚ್ಚು. ಹೀಟರಿಗೆ ಬೇಕಿರುವುದು ನೀರು, ಗ್ಯಾಸು, ಗಾಳಿ ಮತ್ತು ಒಳ್ಳೆಯ 12 ವೋಲ್ಟ್ ಕರೆಂಟು. ಬಹುಪಾಲು ತೊಂದರೆಗಳಲ್ಲಿ ಇವುಗಳಲ್ಲೊಂದು ತಲುಪಿರುವುದಿಲ್ಲ, ಅಷ್ಟೆ. ಯಾವುದು ತಲುಪಿಲ್ಲ ಎಂದು ಕಂಡುಕೊಳ್ಳುವ ದಾರಿಯನ್ನೇ ಮುಂದಿನ ಉತ್ತರಗಳಲ್ಲಿ ಕೊಟ್ಟಿದ್ದೇವೆ.

## ಮೊದಲು ತಿಳಿದಿರಬೇಕಾದದ್ದು

ನಮ್ಮ ಗಾಡಿಯಲ್ಲಿರೋದು ಯಾವ ಬಗೆಯ ಹೀಟರ್ ಅಂತ ಹೇಗೆ ಗೊತ್ತಾಗುತ್ತೆ?

ಗಾಡಿಯ ಹೊರಮೈಯಲ್ಲಿ ಜಾಲರಿ ಇರುವ ಚೌಕ ಬಾಗಿಲನ್ನು ತೆಗೆದು, ಕೆಳಗಿರುವ ಡ್ರೈನ್ ಪ್ಲಗ್ ನೋಡಿ. ಲೋಹದ ದೊಡ್ಡ ಷಟ್ಕೋನ ತಲೆ ಇದ್ದು, ಬಿಚ್ಚಿದಾಗ ಹಿಂದೆ ಉದ್ದನೆಯ ಕಂಬಿ ಬಂದರೆ ಅದು ಆನೋಡ್ ರಾಡ್, ಅಂದರೆ ಟ್ಯಾಂಕಿನ ಬದಲು ತಾನು ಸವೆಯುವ ಕಂಬಿ. ಒಳಗಿರುವುದು ಪಿಂಗಾಣಿ ಲೇಪದ ಉಕ್ಕಿನ ಟ್ಯಾಂಕ್ ಎಂದರ್ಥ. ಸಬರ್ಬನ್ ಹೀಟರುಗಳು ಹೀಗಿರುತ್ತವೆ. ಬಿಳಿ ನೈಲಾನ್ ಪ್ಲಗ್ ಇದ್ದರೆ ಅಲ್ಯೂಮಿನಿಯಂ ಟ್ಯಾಂಕ್; ಆಟ್ವುಡ್, ಈಗ ಡೊಮೆಟಿಕ್ ಹೆಸರಿನಲ್ಲಿ ಬರುವವು ಈ ಬಗೆಯವು. ಇವಕ್ಕೆ ಆನೋಡ್ ಬೇಕಿಲ್ಲ. ಸಾಮಾನ್ಯ ಅಳತೆಗಳು 6 ಗ್ಯಾಲನ್ (ಸುಮಾರು 23 ಲೀಟರ್) ಮತ್ತು 10 ಗ್ಯಾಲನ್ (ಸುಮಾರು 38 ಲೀಟರ್).

ಯುರೋಪಿನ ಗಾಡಿಗಳಲ್ಲಿ ಗಾಡಿಯೊಳಗಿನ ಗಾಳಿಯನ್ನೂ ನೀರನ್ನೂ ಒಂದೇ ಪೆಟ್ಟಿಗೆ ಕಾಯಿಸುವ ಟ್ರೂಮಾ ಕಾಂಬಿ ಹೆಚ್ಚು. ಅದರೊಳಗೆ 10 ಲೀಟರಿನ ಸ್ಟೇನ್‌ಲೆಸ್ ಪಾತ್ರೆ ಇರುತ್ತದೆ. ಟ್ಯಾಂಕೇ ಇಲ್ಲದೆ, ಹರಿಯುವಾಗಲೇ ನೀರು ಕಾಯಿಸುವ ಹೀಟರುಗಳೂ ಇವೆ. ಯಾವುದು ನಿಮ್ಮದೆಂದು ತಿಳಿಯದೆ ಪಾನಾ ಹಿಡಿಯಬೇಡಿ. ಒಂದಕ್ಕೆ ಒಳ್ಳೆಯದಾದ ಕೆಲಸ ಇನ್ನೊಂದನ್ನು ಕೆಡಿಸೀತು.

ಸ್ವಿಚ್ ಹಾಕೋ ಮೊದಲು ಏನು ನೋಡ್ಕೋಬೇಕು?

ಟ್ಯಾಂಕಿನಲ್ಲಿ ನೀರಿದೆಯೇ ಎಂಬುದೊಂದನ್ನು. ಇದರಷ್ಟು ಮುಖ್ಯವಾದದ್ದು ಈ ಪುಟದಲ್ಲಿ ಬೇರೇನೂ ಇಲ್ಲ. ನೀರಿಲ್ಲದ ಟ್ಯಾಂಕಿನಲ್ಲಿ ಕರೆಂಟಿನ ಎಲಿಮೆಂಟ್ ಹಾಕಿದರೆ ಒಂದು ನಿಮಿಷವೂ ತಡೆಯದೆ ಸುಟ್ಟುಹೋಗಬಹುದು. ಪಂಪ್ ಹಾಕಿ, ಬಿಸಿನೀರಿನ ನಲ್ಲಿ ತೆರೆಯಿರಿ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ನೀರು ಬಿಟ್ಟುಬಿಟ್ಟು ಉಗುಳಿದಂತೆ ಬರುತ್ತದೆ. ಧಾರೆ ಒಂದೇ ಸಮನಾದ ಮೇಲೂ ಅರ್ಧ ನಿಮಿಷ ಬಿಟ್ಟು ನಲ್ಲಿ ಮುಚ್ಚಿ.

ಇಲ್ಲೊಂದು ಮೋಸವಿದೆ. ಹೀಟರಿನ ಹಿಂದೆ ಬೈಪಾಸ್ ವಾಲ್ವ್ ತೆರೆದಿದ್ದರೆ ನೀರು ಟ್ಯಾಂಕಿಗೆ ಹೋಗದೆ ನೇರವಾಗಿ ಬಿಸಿನೀರಿನ ನಲ್ಲಿಗೆ ಬರುತ್ತದೆ. ನಲ್ಲಿಯಲ್ಲಿ ನೀರು ಕಂಡು ಟ್ಯಾಂಕ್ ತುಂಬಿದೆ ಎಂದುಕೊಳ್ಳುತ್ತೀರಿ, ಒಳಗೆ ಒಂದು ಹನಿಯೂ ಇರುವುದಿಲ್ಲ. 23 ಲೀಟರ್ ತುಂಬಲು ಕೆಲವು ನಿಮಿಷ ಬೇಕೇ ಬೇಕು. ಖಾಲಿ ಮಾಡಿದ್ದ ಟ್ಯಾಂಕಿನ ನಲ್ಲಿಯಲ್ಲಿ ತಕ್ಷಣವೇ ಸಮನಾದ ಧಾರೆ ಬಂದರೆ ಬೈಪಾಸ್ ನೋಡಿ.

ಗ್ಯಾಸ್‌ನಲ್ಲಿ ಕಾಯಿಸೋದು ಒಳ್ಳೇದಾ, ಕರೆಂಟಿನಲ್ಲಾ?

ನಿಂತಲ್ಲಿ ಕರೆಂಟ್ ಸಂಪರ್ಕವಿದ್ದರೆ ಕರೆಂಟು, ಬೇಗ ಬೇಕೆಂದರೆ ಗ್ಯಾಸು, ಇನ್ನೂ ಬೇಗ ಬೇಕೆಂದರೆ ಎರಡೂ ಒಟ್ಟಿಗೆ. ಎರಡನ್ನೂ ಒಮ್ಮೆಗೇ ಹಾಕಿದರೆ ಯಾವ ತೊಂದರೆಯೂ ಇಲ್ಲ. 23 ಲೀಟರ್ ನೀರನ್ನು 40 ಡಿಗ್ರಿಯಷ್ಟು ಏರಿಸಲು 1,440 ವ್ಯಾಟ್ ಎಲಿಮೆಂಟಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಗಂಟೆಗೆ 12,000 ಬಿಟಿಯು (ಶಾಖದ ಅಳತೆ) ಶಕ್ತಿಯ ಗ್ಯಾಸ್ ಬರ್ನರ್ ಅದನ್ನೇ ಅರ್ಧ ಗಂಟೆಯೊಳಗೆ ಮುಗಿಸುತ್ತದೆ.

ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಕಾಯಿಸಬಹುದೇ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿ: 1,440 ವ್ಯಾಟ್ ಎಂದರೆ 12 ವೋಲ್ಟ್ ಕಡೆಯಲ್ಲಿ ಸುಮಾರು 135 ಆಂಪಿಯರ್. ಒಂದು ಟ್ಯಾಂಕ್ ಕಾಯುವಷ್ಟರಲ್ಲಿ 100 ಆಂಪಿಯರ್-ಅವರ್ ಖಾಲಿ. ನಮ್ಮ ಮಟ್ಟಿಗೆ ಇದು ಬೇಡದ ಕೆಲಸ.

ನೀರು ಎಷ್ಟು ಬಿಸಿಯಾಗುತ್ತೆ? ಮಕ್ಕಳಿಗೆ ಅಪಾಯ ಇದೆಯಾ?

ಮಾದರಿಗೆ ತಕ್ಕಂತೆ ಸುಮಾರು 54ರಿಂದ 60 ಡಿಗ್ರಿ ಸೆಲ್ಸಿಯಸ್. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ, ಎಳೆಯ ಚರ್ಮಕ್ಕೆ ಅಷ್ಟೂ ಬೇಕಿಲ್ಲ. ಹಾಗೆಂದು ಟ್ಯಾಂಕನ್ನು ಸದಾ ಉಗುರುಬೆಚ್ಚಗೆ ಇಡುವುದೂ ಸರಿಯಲ್ಲ. ಲೀಜಿಯೊನೆಲ್ಲಾ ಬ್ಯಾಕ್ಟೀರಿಯ 20ರಿಂದ 45 ಡಿಗ್ರಿಯ ನಡುವೆ ಚೆನ್ನಾಗಿ ಬೆಳೆಯುತ್ತದೆ. ಟ್ಯಾಂಕಿನಲ್ಲಿ ಬಿಸಿ ಇರಲಿ, ನಲ್ಲಿಯ ಬಳಿ ಬಿಸಿನೀರಿಗೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿಸಿ.

## ವರ್ಷವರ್ಷದ ನಿರ್ವಹಣೆ

ಆನೋಡ್ ರಾಡ್ ಎಷ್ಟು ದಿನಕ್ಕೆ ಬದಲಾಯಿಸಬೇಕು? ಬಿಟ್ಟರೆ ಏನಾಗುತ್ತೆ?

ಆನೋಡ್ ಇರುವುದೇ ಸವೆಯುವುದಕ್ಕೆ. ನೀರಿನಲ್ಲಿ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಉಕ್ಕಿಗಿಂತ ಬೇಗ ಕರಗುತ್ತದೆ. ತುಕ್ಕು ಟ್ಯಾಂಕನ್ನು ಬಿಟ್ಟು ರಾಡನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಿ, ಮುಕ್ಕಾಲು ಭಾಗ ಸವೆದಿದ್ದರೆ ಅಥವಾ ನಡುವಿನ ಉಕ್ಕಿನ ತಂತಿ ಉದ್ದಕ್ಕೂ ಕಾಣುತ್ತಿದ್ದರೆ ಬದಲಾಯಿಸಿ. ಮೈಯೆಲ್ಲ ಗುಳಿಬಿದ್ದು ವಿಕಾರವಾಗಿದ್ದರೆ ಗಾಬರಿಯಾಗಬೇಡಿ, ಅದು ತನ್ನ ಕೆಲಸ ಮಾಡಿದೆ. ವರ್ಷವಾದರೂ ಹೊಸದರಂತೆ ಹೊಳೆಯುತ್ತಿದ್ದರೆ ಆಗ ಯೋಚಿಸಬೇಕು: ರಾಡಿಗೂ ಟ್ಯಾಂಕಿಗೂ ಲೋಹದ ಸಂಪರ್ಕ ತಪ್ಪಿರಬಹುದು.

ಸಬರ್ಬನ್ ಆನೋಡಿಗೆ 1 1/16 ಇಂಚಿನ (27 ಮಿ.ಮೀ.) ಸಾಕೆಟ್ ಬೇಕು, ಜೊತೆಗೆ ಉದ್ದ ಎಕ್ಸ್‌ಟೆನ್ಷನ್. ರಾಡಿನ ತಿರುಪಿನ ಎಳೆಗೆ ಟೆಫ್ಲಾನ್ ಟೇಪ್ ಎರಡು ಮೂರು ಸುತ್ತು ಸಾಕು. ಟೇಪಿನಿಂದ ಸಂಪರ್ಕ ತಪ್ಪುತ್ತದೆಂಬ ಅನುಮಾನವಿದ್ದರೆ, ಬಿಗಿಮಾಡಿದ ಮೇಲೆ ರಾಡಿನ ತಲೆಗೂ ಟ್ಯಾಂಕಿನ ಲೋಹಕ್ಕೂ ಮಲ್ಟಿಮೀಟರ್ ಹಿಡಿಯಿರಿ. ಸೊನ್ನೆಯ ಹತ್ತಿರ ತೋರಿಸಬೇಕು. ಎಳೆ ಟೇಪನ್ನು ಕತ್ತರಿಸಿಕೊಂಡೇ ಕೂರುವುದರಿಂದ ಸಾಮಾನ್ಯವಾಗಿ ತೋರಿಸುತ್ತದೆ.

ಅಲ್ಯೂಮಿನಿಯಂ ಟ್ಯಾಂಕಿಗೆ ಆನೋಡ್ ಹಾಕಬೇಡಿ. ಅದರ ನೈಲಾನ್ ಪ್ಲಗ್ಗನ್ನು ತೆಗೆದು ಹಿತ್ತಾಳೆಯದನ್ನು ಹಾಕುವವರಿದ್ದಾರೆ. ಎರಡು ಬೇರೆ ಲೋಹಗಳು ನೀರಿನಲ್ಲಿ ಕೂಡಿದಾಗ ಟ್ಯಾಂಕಿನ ಮೆತ್ತನೆಯ ಎಳೆಗಳೇ ತಿಂದುಹೋಗುತ್ತವೆ. ಹಾಳಾಗುವುದಾದರೆ ನೈಲಾನ್ ಪ್ಲಗ್ ಹಾಳಾಗಲಿ ಎಂದೇ ಅದನ್ನು ಹಾಗೆ ಮಾಡಿರುವುದು.

ಟ್ಯಾಂಕ್ ಖಾಲಿ ಮಾಡಿ ತೊಳೆಯೋ ಸರಿಯಾದ ಕ್ರಮ ಯಾವುದು?

ಇಲ್ಲಿ ಸುಟ್ಟಗಾಯಗಳಾಗುತ್ತವೆ, ಆದ್ದರಿಂದ ಕ್ರಮ ತಪ್ಪಬಾರದು.

1. ಗ್ಯಾಸ್ ಸ್ವಿಚ್, ಕರೆಂಟ್ ಸ್ವಿಚ್ ಎರಡನ್ನೂ ಆರಿಸಿ. ಎಲಿಮೆಂಟಿನ ಬ್ರೇಕರನ್ನೂ ಇಳಿಸಿ.
2. ನೀರು ತಣ್ಣಗಾಗುವವರೆಗೆ ಬಿಡಿ. ಕಾಯಲು ಹೊತ್ತಿಲ್ಲದಿದ್ದರೆ ಬಿಸಿನೀರಿನ ನಲ್ಲಿಯನ್ನು ತಣ್ಣೀರು ಬರುವವರೆಗೆ ಹರಿಸಿ.
3. ಪಂಪ್ ನಿಲ್ಲಿಸಿ, ಹೊರಗಿನ ನೀರಿನ ಪೈಪ್ ಕಳಚಿ. ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ.
4. ಸೇಫ್ಟಿ ವಾಲ್ವಿನ (ಒತ್ತಡ ಮಿತಿಮೀರಿದರೆ ನೀರು ಹೊರಬಿಡುವ ವಾಲ್ವ್) ಹಿಡಿ ಎತ್ತಿ ನೋಡಿ. ಒತ್ತಡ ಉಳಿದಿದ್ದರೆ ಇಲ್ಲಿ ಗೊತ್ತಾಗುತ್ತದೆ.
5. ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು ಪ್ಲಗ್ ಅಥವಾ ಆನೋಡ್ ಬಿಚ್ಚಿ.

ಡ್ರೈನ್ ತೂತು ಟ್ಯಾಂಕಿನ ತಳಕ್ಕಿಂತ ತುಸು ಮೇಲಿರುತ್ತದೆ. ಹಾಗಾಗಿ ನೀರು ನಿಂತ ಮೇಲೂ ತಳದಲ್ಲಿ ಒಂದಿಷ್ಟು ನೀರು, ಅದರೊಳಗೆ ಸುಣ್ಣದ ಚೂರು, ಆನೋಡಿನ ಪುಡಿ, ಗಸಿ ಎಲ್ಲ ಉಳಿಯುತ್ತದೆ. ಅದನ್ನು ತೆಗೆಯಲು ತುದಿ ಬಾಗಿದ ಸಣ್ಣ ತೊಳೆಯುವ ನಳಿಕೆ ಸಿಗುತ್ತದೆ. ಅದನ್ನು ತೂತಿನೊಳಗೆ ತೂರಿಸಿ, ಸುತ್ತ ತಿರುಗಿಸುತ್ತಾ ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಿರಿ. ವರ್ಷಕ್ಕೊಮ್ಮೆ ಸಾಕು. ಗಡಸು ನೀರು ತುಂಬಿಸುವವರಾದರೆ ಎರಡು ಸಲ.

ವಿನೆಗರ್ ಹಾಕಿ ಸುಣ್ಣ ತೆಗೆಯಬಹುದಾ?

ಉಕ್ಕಿನ ಮತ್ತು ಅಲ್ಯೂಮಿನಿಯಂ ಟ್ಯಾಂಕಿಗೆ ಧಾರಾಳವಾಗಿ. ಸಾದಾ ಬಿಳಿ ವಿನೆಗರ್ ಮತ್ತು ನೀರು ಅರ್ಧಕ್ಕರ್ಧ ಬೆರೆಸಿ ತುಂಬಿಸಿ. 23 ಲೀಟರಿನ ಟ್ಯಾಂಕಿಗೆ ಹನ್ನೊಂದು ಹನ್ನೆರಡು ಲೀಟರ್ ವಿನೆಗರ್ ಬೇಕಾಗುತ್ತದೆ. ಮೊದಲು ಆನೋಡ್ ತೆಗೆದು ಆ ತೂತಿಗೆ ಹೊಂದುವ ಸಾದಾ ಪ್ಲಗ್ ಹಾಕಿ, ಇಲ್ಲದಿದ್ದರೆ ಆಮ್ಲ ಆನೋಡನ್ನೇ ತಿನ್ನುತ್ತದೆ. ಒಮ್ಮೆ ಬಿಸಿಮಾಡಿ, ಆರಿಸಿ, ಕೆಲವು ಗಂಟೆ ಬಿಡಿ. ಆಮೇಲೆ ಪೂರ್ತಿ ತಣ್ಣಗಾಗಿಸಿ, ಖಾಲಿ ಮಾಡಿ, ನಳಿಕೆಯಿಂದ ತೊಳೆಯಿರಿ. ಬಿಳಿ ಚಕ್ಕೆಗಳು ಹಿಡಿಗಟ್ಟಲೆ ಬಂದರೆ ಆಶ್ಚರ್ಯವಿಲ್ಲ.

ವಿನೆಗರನ್ನೂ ಬ್ಲೀಚನ್ನೂ ಎಂದೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಅನಿಲ ಹುಟ್ಟುತ್ತದೆ, ಅದು ವಿಷ. ಒಂದರ ನಂತರ ಇನ್ನೊಂದು ಮಾಡುವುದಿದ್ದರೂ ನಡುವೆ ಎರಡು ಸಲ ಶುದ್ಧ ನೀರಿನಿಂದ ತೊಳೆದಿರಬೇಕು.

ಹಿಮ ಬೀಳೋ ಕಾಲಕ್ಕೆ ಹೀಟರನ್ನು ಹೇಗೆ ಸಿದ್ಧಮಾಡಬೇಕು?

ಟ್ಯಾಂಕ್ ಖಾಲಿ ಮಾಡಿ, ಬೈಪಾಸ್ ತೆರೆಯಿರಿ. ಮೂರು ವಾಲ್ವಿನ ಜೋಡಣೆಯಲ್ಲಿ ತಣ್ಣೀರು ಒಳಬರುವುದನ್ನೂ ಬಿಸಿನೀರು ಹೊರಹೋಗುವುದನ್ನೂ ಮುಚ್ಚಿ, ನಡುವಿನದನ್ನು ತೆರೆಯಬೇಕು. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಆಮೇಲೆ ಗುಲಾಬಿ ಬಣ್ಣದ ಪ್ರೊಪಿಲಿನ್ ಗ್ಲೈಕಾಲ್ ಆಂಟಿಫ್ರೀಝನ್ನು ಪೈಪುಗಳಿಗೆ ಮಾತ್ರ ಓಡಿಸಿ, ಟ್ಯಾಂಕಿಗೆ ಬೇಡ. ಖಾಲಿ ಟ್ಯಾಂಕಿಗೆ ಅದರ ಅಗತ್ಯವಿಲ್ಲ, ಹಾಕಿದರೆ ಹತ್ತಾರು ಲೀಟರ್ ವ್ಯರ್ಥ. ಎಂಜಿನ್ ರೇಡಿಯೇಟರಿಗೆ ಹಾಕುವ ಎಥಿಲಿನ್ ಗ್ಲೈಕಾಲ್ ವಿಷ. ಕುಡಿಯುವ ನೀರಿನ ಪೈಪಿಗೆ ಅದು ಸೇರಲೇಬಾರದು.

ಸ್ವಿಚ್ಚಿನ ಮೇಲೆ ‘ಟ್ಯಾಂಕ್ ಖಾಲಿ’ ಎಂದು ಚೀಟಿ ಅಂಟಿಸಿ. ಮುಂದಿನ ಸಲ ಸ್ವಿಚ್ ಹಾಕುವವರು ನೀವೇ ಆಗಿರಬೇಕೆಂದಿಲ್ಲ.

ಬಹಳ ದಿನ ನಿಲ್ಲಿಸಿದ್ದ ಗಾಡಿ. ನೇರ ಹೀಟರ್ ಹಾಕಬಹುದಾ?

ಬೇಡ. ಆನೋಡ್ ಇರುವ ಟ್ಯಾಂಕಿನಲ್ಲಿ ನೀರು ಎರಡು ವಾರಕ್ಕಿಂತ ಹೆಚ್ಚು ನಿಂತಿದ್ದರೆ ಒಳಗೆ ಹೈಡ್ರೋಜನ್ ಸೇರಿರಬಹುದು. ಅದಕ್ಕೆ ವಾಸನೆ ಇಲ್ಲ, ಆದರೆ ಹೊತ್ತಿಕೊಳ್ಳುತ್ತದೆ. ಒಲೆ, ಸಿಗರೇಟು ಏನೂ ಹತ್ತಿರವಿಲ್ಲದಂತೆ ನೋಡಿಕೊಂಡು, ಕಿಟಕಿ ತೆರೆದು, ಅಡುಗೆಮನೆಯ ಬಿಸಿನೀರಿನ ನಲ್ಲಿಯನ್ನು ಕೆಲವು ನಿಮಿಷ ಹರಿಸಿ. ಬುಸ್ ಎಂಬ ಸದ್ದು ನಿಂತ ಮೇಲೆ ಮುಂದಿನ ಕೆಲಸ.

ಎರಡನೆಯದು ಬರ್ನರ್ ಕೊಳವೆ. ಗ್ಯಾಸಿಗೆ ಬೆರೆಸುವ ವಾಸನೆಯ ವಸ್ತು ಜೇಡಗಳನ್ನು ಸೆಳೆಯುತ್ತದೆ ಎಂದು ರಿಪೇರಿ ಮಾಡುವವರು ಹೇಳುತ್ತಾರೆ. ಕಾರಣ ಏನೇ ಇರಲಿ, ಕೊಳವೆಯಲ್ಲಿ ಜೇಡರ ಬಲೆ, ಕಣಜದ ಮಣ್ಣಿನ ಗೂಡು ಸಿಗುವುದಂತೂ ಮಾಮೂಲು. ಟಾರ್ಚ್ ಹಾಕಿ ನೋಡಿ, ಬಾಟಲಿ ತೊಳೆಯುವ ಉದ್ದ ಬ್ರಷ್ಷಿನಿಂದ ಒಳಗೆಲ್ಲ ಉಜ್ಜಿ. ಹೊಗೆ ಹೊರಬರುವ ಜಾಲರಿಯನ್ನೂ ನೋಡಿ.

## ದಿನಬಳಕೆಯಲ್ಲಿ ಕಾಣುವ ತೊಂದರೆಗಳು

ನೀರು ಕಾಯುವಾಗ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತೆ. ಹೊಸದು ಹಾಕಿದರೂ ಅದೇ ಕಥೆ. ಏನು ಕಾರಣ?

ವಾಲ್ವ್ ಕೆಟ್ಟಿಲ್ಲ, ಟ್ಯಾಂಕಿನ ಮೇಲ್ಭಾಗದಲ್ಲಿ ಇರಬೇಕಾದ ಗಾಳಿ ಇಲ್ಲ. 10 ಡಿಗ್ರಿಯಿಂದ 60 ಡಿಗ್ರಿಗೆ ಏರುವಾಗ ನೀರು ಸುಮಾರು ಶೇ. 1.7ರಷ್ಟು ಹಿಗ್ಗುತ್ತದೆ. 23 ಲೀಟರಿಗೆ ಅದು ಹೆಚ್ಚುಕಡಿಮೆ 400 ಮಿಲಿಲೀಟರ್. ಮನೆಯ ಪೈಪಿನಲ್ಲಾದರೆ ಹಿಂದಕ್ಕೆ ಸರಿಯಲು ಜಾಗವಿರುತ್ತದೆ. ಗಾಡಿಯಲ್ಲಿ ಪಂಪಿನ ಒಳಗಿನ, ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಅದನ್ನು ತಡೆಯುತ್ತದೆ. ಹಿಗ್ಗುವ ನೀರಿಗೆ ಮೆತ್ತೆಯಾಗಿರಲೆಂದು ಟ್ಯಾಂಕಿನ ಮೇಲೆ ಗಾಳಿಯ ಜಾಗ ಬಿಟ್ಟಿರುತ್ತಾರೆ. ದಿನಗಳೆದಂತೆ ಆ ಗಾಳಿ ನೀರಿನಲ್ಲಿ ಕರಗಿಹೋಗುತ್ತದೆ. ಆಗ ಒತ್ತಡ ಏರಿ 150 ಪಿಎಸ್ಐ ಮುಟ್ಟಿದಾಗ ವಾಲ್ವ್ ತನ್ನ ಕೆಲಸ ಮಾಡುತ್ತದೆ. (99 ಡಿಗ್ರಿ ಉಷ್ಣತೆಗೂ ಅದು ತೆರೆದುಕೊಳ್ಳುವಂತೆ ಮಾಡಿರುತ್ತಾರೆ.)

ಗಾಳಿಯನ್ನು ಮತ್ತೆ ತುಂಬುವುದು ಸುಲಭ. ಹೀಟರ್ ಆರಿಸಿ, ನೀರು ತಣ್ಣಗಾಗಲಿ. ಪಂಪೂ ಹೊರಗಿನ ನೀರೂ ನಿಲ್ಲಲಿ. ಒಳಗಿನ ಬಿಸಿನೀರಿನ ನಲ್ಲಿಯೊಂದನ್ನು ತೆರೆದು, ಹೊರಗೆ ಬಂದು ವಾಲ್ವಿನ ಹಿಡಿಯನ್ನು ಪೂರ್ತಿ ಎತ್ತಿ ಹಿಡಿಯಿರಿ. ನೀರು ತಾನಾಗಿ ನಿಂತಾಗ ವಾಲ್ವಿನ ಮಟ್ಟಕ್ಕಿಂತ ಮೇಲೆ ಗಾಳಿ ತುಂಬಿರುತ್ತದೆ. ಹಿಡಿ ಬಿಟ್ಟು, ನಲ್ಲಿ ಮುಚ್ಚಿ, ಪಂಪ್ ಹಾಕಿ. ಕೆಲವು ತಿಂಗಳ ಮೇಲೆ ಮತ್ತೆ ತೊಟ್ಟಿಕ್ಕಿದರೆ ಮತ್ತೆ ಇಷ್ಟೇ ಮಾಡಿ. ಶಾಶ್ವತ ಪರಿಹಾರ ಬೇಕೆಂದರೆ ಬಿಸಿನೀರಿನ ಸಾಲಿಗೆ ಸಣ್ಣ ಎಕ್ಸ್‌ಪಾನ್ಷನ್ ಟ್ಯಾಂಕ್ ಸೇರಿಸಿ.

ತಣ್ಣಗಿರುವಾಗಲೂ ತೊಟ್ಟಿಕ್ಕುತ್ತಿದ್ದರೆ ವಾಲ್ವಿನ ಮುಚ್ಚಳ ಕೂರುವ ಜಾಗದಲ್ಲಿ ಸುಣ್ಣದ ಚೂರು ಸಿಕ್ಕಿದೆ. ಹಿಡಿಯನ್ನು ಎರಡು ಮೂರು ಸಲ ಎತ್ತಿ ಟಪ್ಪೆಂದು ಬಿಡಿ, ಚೂರು ತೊಳೆದು ಹೋಗುತ್ತದೆ. ಆಗಲೂ ನಿಲ್ಲದಿದ್ದರೆ ಬದಲಾಯಿಸಿ, ಅದೇ ಒತ್ತಡ, ಅದೇ ಉಷ್ಣತೆಯದನ್ನೇ. ವಾಲ್ವಿನ ಬಾಯಿಗೆ ಬಿರಟೆ ಹಾಕುವುದೆಂದರೆ ಟ್ಯಾಂಕ್ ಸಿಡಿಯಲು ದಾರಿ ಮಾಡಿದಂತೆ. ಹೊರಗಿನ ನೀರಿನ ಪೈಪಿಗೆ 40ರಿಂದ 60 ಪಿಎಸ್ಐ ಮಿತಿಯ ರೆಗ್ಯುಲೇಟರ್ ಇರುವುದೂ ಅಷ್ಟೇ ಅಗತ್ಯ.

ಬಿಸಿನೀರು ಮಾತ್ರ ಕೊಳೆತ ಮೊಟ್ಟೆ ವಾಸನೆ ಬರುತ್ತೆ, ತಣ್ಣೀರು ಸರಿಯಾಗಿದೆ. ಯಾಕೆ?

ನೀರಿನಲ್ಲಿರುವ ಸಲ್ಫೇಟನ್ನು ಒಂದು ಬಗೆಯ ಬ್ಯಾಕ್ಟೀರಿಯ ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತದೆ. ಮೆಗ್ನೀಸಿಯಂ ಆನೋಡ್ ಇದ್ದರೆ ಅದಕ್ಕೆ ಇನ್ನಷ್ಟು ಅನುಕೂಲ. ನಿಂತ ಬೆಚ್ಚನೆಯ ನೀರು ಅದಕ್ಕೆ ಹಿತ. ಉಕ್ಕಿನ ಟ್ಯಾಂಕಿಗೆ ಹೀಗೆ ಮಾಡಿ: ಸುವಾಸನೆ ಸೇರಿಸದ, ಶೇ. 5ರ ಸಾದಾ ಬ್ಲೀಚನ್ನು ಪ್ರತಿ ಲೀಟರ್ ನೀರಿಗೆ 1 ಮಿಲಿಲೀಟರಿನಂತೆ ಸಿಹಿನೀರಿನ ಟ್ಯಾಂಕಿಗೆ ಬೆರೆಸಿ. ಹೀಟರ್ ಆರಿಸಿಟ್ಟು, ಪಂಪ್ ಹಾಕಿ, ಪ್ರತಿ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬರುವವರೆಗೆ ಹರಿಸಿ. ನಾಲ್ಕು ಗಂಟೆ ಬಿಟ್ಟು ಎಲ್ಲ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಶುದ್ಧ ನೀರಿನಿಂದ ತೊಳೆಯಿರಿ. ಅಲ್ಯೂಮಿನಿಯಂ ಟ್ಯಾಂಕಿನಲ್ಲಿ ಬ್ಲೀಚನ್ನು ಅಷ್ಟು ಹೊತ್ತು ಬಿಡುವುದು ಬೇಡ. ಸ್ಟೇನ್‌ಲೆಸ್ ಪಾತ್ರೆಗೆ ಕ್ಲೋರಿನ್ನೇ ಆಗದು. ತಯಾರಕರು ಸೂಚಿಸುವ ಕ್ಲೋರಿನ್‌ರಹಿತ ದ್ರಾವಣ ಬಳಸಿ.

ಮತ್ತೆ ಮತ್ತೆ ಬರುತ್ತಿದ್ದರೆ ಮೆಗ್ನೀಸಿಯಂ ಬದಲು ಅಲ್ಯೂಮಿನಿಯಂ-ಸತುವಿನ ಆನೋಡ್ ಹಾಕಿ ನೋಡಿ. ವಾಸನೆ ಇದೆಯೆಂದು ಆನೋಡನ್ನೇ ತೆಗೆದುಬಿಡುವುದು ತಪ್ಪು. ವಾಸನೆ ಹೋಗುತ್ತದೆ, ಹಿಂದೆಯೇ ಟ್ಯಾಂಕೂ ಹೋಗುತ್ತದೆ. ತಣ್ಣೀರಿನಲ್ಲೂ ಅದೇ ವಾಸನೆ ಇದ್ದರೆ ತೊಂದರೆ ಹೀಟರಿನದ್ದಲ್ಲ, ತುಂಬಿಸಿದ ನೀರಿನದ್ದು.

ಹೀಟರ್ ಚೆನ್ನಾಗಿ ಉರಿಯುತ್ತೆ, ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೇ ಬರುತ್ತೆ. ಎಲ್ಲಿ ನೋಡಬೇಕು?

ಮೊದಲು ಹೊರಗಿನ ಶವರ್ ನೋಡಿ. ಅದರ ಬಿಸಿ, ತಣ್ಣೀರು ನಲ್ಲಿಗಳೆರಡನ್ನೂ ತೆರೆದಿಟ್ಟು ಕೈಹಿಡಿಯ ಗುಂಡಿಯಿಂದ ಮಾತ್ರ ನೀರು ನಿಲ್ಲಿಸಿರುತ್ತಾರೆ. ಆಗ ತಣ್ಣೀರು ಆ ದಾರಿಯಲ್ಲೇ ದಾಟಿ ಬಿಸಿನೀರಿನ ಸಾಲಿಗೆ ಬೆರೆಯುತ್ತದೆ. ನಲ್ಲಿಗಳನ್ನೇ ಮುಚ್ಚಬೇಕು. ಒಳಗಿನ ಶವರಿನದೂ ಇದೇ ಕಥೆ. ಆಮೇಲೆ ಬೈಪಾಸ್: ಪೂರ್ತಿ ಮುಚ್ಚಿದೆಯೇ?

ಎರಡೂ ಸರಿಯಿದ್ದರೆ ಹೀಟರಿನಿಂದ ಹೊರಬರುವ ಬಿಸಿನೀರಿನ ಪೈಪನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಅಲ್ಲಿ ಸುಡುತ್ತಿದ್ದು ನಲ್ಲಿಯಲ್ಲಿ ಬೆಚ್ಚಗಿದ್ದರೆ ನಡುವೆ ಎಲ್ಲೋ ಬೆರೆಯುತ್ತಿದೆ. ಒಂದೇ ಹಿಡಿಯ ನಲ್ಲಿಯ ಒಳಗಿನ ಕಾರ್ಟ್ರಿಡ್ಜ್ ಅಥವಾ ಮಿಕ್ಸಿಂಗ್ ವಾಲ್ವ್ ಕಾರಣ. ಪೈಪೇ ಬೆಚ್ಚಗಿದ್ದರೆ, ನೀರು ಸಾಕಷ್ಟು ಕಾದಾಗ ಹೀಟರ್ ನಿಲ್ಲಿಸುವ ಥರ್ಮೋಸ್ಟಾಟ್ ನೋಡಿ.

ಬಿಸಿನೀರು ಸಣ್ಣಗೆ ಬರುತ್ತೆ, ತಣ್ಣೀರು ಜೋರಾಗಿದೆ.

ಒಂದೇ ನಲ್ಲಿಯಲ್ಲಾದರೆ ತುದಿಯ ಜಾಲರಿ ಕಟ್ಟಿದೆ, ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿ. ಎಲ್ಲ ನಲ್ಲಿಗಳಲ್ಲೂ ಆದರೆ ಹೀಟರಿನ ಹಿಂದೆ ಬಿಸಿನೀರು ಹೊರಡುವಲ್ಲಿರುವ ಚೆಕ್ ವಾಲ್ವ್ ನೋಡಿ. ಅದರೊಳಗಿನ ಪ್ಲಾಸ್ಟಿಕ್ ತುಂಡು ಸುಣ್ಣ ಹಿಡಿದು ಅಂಟಿಕೊಳ್ಳುತ್ತದೆ, ಇಲ್ಲವೇ ಮುರಿದು ಅಡ್ಡ ನಿಲ್ಲುತ್ತದೆ. ಬಿಚ್ಚಿ, ಸಣ್ಣ ಕಡ್ಡಿಯಿಂದ ಒತ್ತಿದಾಗ ಸ್ಪ್ರಿಂಗಿನಂತೆ ಹಿಂದೆ ಬರಬೇಕು. ಬರದಿದ್ದರೆ ಹಿತ್ತಾಳೆಯದೊಂದನ್ನು ಹಾಕಿ.

ಕಾಂಬಿ ಹೀಟರ್ ರಾತ್ರಿ ತಾನಾಗೇ ನೀರೆಲ್ಲ ಕೆಳಗೆ ಸುರಿದುಬಿಡ್ತು. ಒಡೆದಿದೆಯಾ?

ಇಲ್ಲ. ಟ್ರೂಮಾ ಕಾಂಬಿಯ ಫ್ರಾಸ್ಟ್ ಕಂಟ್ರೋಲ್ ವಾಲ್ವ್ ತನ್ನ ಸುತ್ತಲಿನ ಉಷ್ಣತೆ ಸುಮಾರು 3 ಡಿಗ್ರಿಗೆ ಇಳಿದಾಗ ತೆರೆದುಕೊಂಡು, ಹೆಪ್ಪುಗಟ್ಟುವ ಮೊದಲೇ ಪಾತ್ರೆ ಖಾಲಿ ಮಾಡುತ್ತದೆ. ಸುಮಾರು 7 ಡಿಗ್ರಿಗಿಂತ ಮೇಲೆ ಬರುವವರೆಗೆ ಅದನ್ನು ಮುಚ್ಚಲೂ ಆಗುವುದಿಲ್ಲ. ಗಾಡಿಯನ್ನು ಮೊದಲು ಬೆಚ್ಚಗೆ ಮಾಡಿ, ಆಮೇಲೆ ವಾಲ್ವ್ ಮುಚ್ಚಿ ನೀರು ತುಂಬಿಸಿ.

## ಮಲ್ಟಿಮೀಟರ್ ಹಿಡಿದು ನೋಡಬೇಕಾದವು

ಟಿಕ್ ಟಿಕ್ ಅಂತ ಕಿಡಿ ಬರುತ್ತೆ, ಆದರೆ ಹೊತ್ತಿಕೊಳ್ಳಲ್ಲ. ಮೂರು ಸಲ ಆದಮೇಲೆ ಕೆಂಪು ದೀಪ.

ಕಿಡಿ ಇದೆಯೆಂದರೆ ಬೋರ್ಡಿಗೆ ಕರೆಂಟು ಬಂದಿದೆ, ಥರ್ಮೋಸ್ಟಾಟೂ ಸರಿಯಿದೆ. ತಲುಪದೆ ಇರುವುದು ಗ್ಯಾಸು. ಸಿಲಿಂಡರ್ ಬದಲಾಯಿಸಿದ್ದರೆ ಪೈಪಿನಲ್ಲಿ ಗಾಳಿ ಇರುತ್ತದೆ. ಒಲೆಯನ್ನು ಹೊತ್ತಿಸಿ, ಉರಿ ಸ್ಥಿರವಾಗುವವರೆಗೆ ಬಿಟ್ಟು, ಹೀಟರ್ ಸ್ವಿಚ್ ಆರಿಸಿ ಅರ್ಧ ನಿಮಿಷದ ಮೇಲೆ ಮತ್ತೆ ಹಾಕಿ. ಸಿಲಿಂಡರ್ ವಾಲ್ವನ್ನು ಒಮ್ಮೆಲೇ ತಿರುಗಿಸಿದರೆ ಗ್ಯಾಸಿನ ರಭಸಕ್ಕೆ ಒಳಗಿನ ತಡೆ ಬಿದ್ದು ಅತಿ ಸಣ್ಣಗೆ ಬರುತ್ತದೆ. ಎಲ್ಲ ಆರಿಸಿ, ವಾಲ್ವ್ ಮುಚ್ಚಿ, ಸ್ವಲ್ಪ ತಡೆದು ನಿಧಾನವಾಗಿ ತೆರೆಯಿರಿ. ಚಳಿಯಲ್ಲಿ ಬ್ಯುಟೇನ್ ನೆಚ್ಚಿಕೊಳ್ಳಬೇಡಿ. ಅದು ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ.

ಒಲೆ ಉರಿಯುತ್ತಿರುವಾಗಲೇ ಹೀಟರ್ ಹಾಕಿ ನೋಡಿ. ಒಲೆಯ ಉರಿ ಕುಗ್ಗಿದರೆ ರೆಗ್ಯುಲೇಟರ್ ಸೋತಿದೆ. ಇರಬೇಕಾದ ಒತ್ತಡ ಅಮೆರಿಕದ ಹೀಟರುಗಳಿಗೆ ನೀರಿನ ಕಾಲಂ 11 ಇಂಚು, ಯುರೋಪಿನ ಈಗಿನ ಗಾಡಿಗಳಿಗೆ 30 ಮಿಲಿಬಾರ್. ಗ್ಯಾಸ್ ಸರಿಯಿದ್ದೂ ಹೊತ್ತದಿದ್ದರೆ, ಕಿಡಿ ಹಾರುವ ಕ್ಷಣದಲ್ಲಿ ಗ್ಯಾಸ್ ವಾಲ್ವಿನಿಂದ ‘ಠಕ್’ ಸದ್ದು ಬರುತ್ತದೆಯೇ ಕೇಳಿ. ಬರದಿದ್ದರೆ ವಾಲ್ವಿನ ತಂತಿಗಳಲ್ಲಿ ಆ ಹೊತ್ತಿಗೆ 12 ವೋಲ್ಟ್ ಇದೆಯೇ ಅಳೆಯಿರಿ. ವೋಲ್ಟೇಜ್ ಇದ್ದು ಸದ್ದಿಲ್ಲದಿದ್ದರೆ ವಾಲ್ವ್ ಕೆಟ್ಟಿದೆ.

ಹೊತ್ತಿಕೊಳ್ಳುತ್ತೆ, ಕೆಲವೇ ಸೆಕೆಂಡಿನಲ್ಲಿ ಆರಿಹೋಗುತ್ತೆ. ಬೋರ್ಡ್ ಹೋಗಿದೆಯಾ?

ಬೋರ್ಡ್ ಕೊಳ್ಳುವ ಮೊದಲು ಬರ್ನರ್ ಬಳಿಯ ಲೋಹದ ಕಡ್ಡಿ, ಅಂದರೆ ಎಲೆಕ್ಟ್ರೋಡ್ ನೋಡಿ. ಉರಿಯ ಮೂಲಕ ಎಲೆಕ್ಟ್ರೋಡಿನಿಂದ ಬರ್ನರಿಗೆ ಮೈಕ್ರೋಆಂಪಿಯರಿನಷ್ಟು ಕರೆಂಟು ಹರಿಯುತ್ತದೆ. ಅದು ಕಂಡರೆ ಮಾತ್ರ ಉರಿ ಇದೆಯೆಂದು ಬೋರ್ಡ್ ನಂಬುತ್ತದೆ, ಕಾಣದಿದ್ದರೆ ಗ್ಯಾಸ್ ನಿಲ್ಲಿಸುತ್ತದೆ. ಅಷ್ಟು ಸಣ್ಣ ಕರೆಂಟಿಗೆ ತುಸು ಮಸಿಯೂ ಅಡ್ಡಿ. ಎಲೆಕ್ಟ್ರೋಡನ್ನು ನಯವಾದ ಮರಳುಕಾಗದದಿಂದ ಉಜ್ಜಿ. ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಿ, ಇದ್ದರೆ ಬದಲಾಯಿಸಿ. ತುದಿಗೂ ಬರ್ನರಿಗೂ ನಡುವೆ ಸುಮಾರು 3 ಮಿ.ಮೀ. ಅಂತರವಿರಬೇಕು, ತುದಿ ಉರಿಯೊಳಗೇ ಇರಬೇಕು.

ಮುಂದೆ ನೆಲದ ಸಂಪರ್ಕ. ಬರ್ನರ್ ಬಳಿಯ ಅರ್ತ್ ತಂತಿಯ ಸ್ಕ್ರೂ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಮಾಡಿ. ಬೋರ್ಡಿನ ಅಂಚಿನ ತಾಮ್ರದ ಪಟ್ಟಿಗಳು ಕಪ್ಪಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಕನೆಕ್ಟರನ್ನು ಎರಡು ಮೂರು ಸಲ ಹಾಕಿ ತೆಗೆಯಿರಿ. ಇಷ್ಟೆಲ್ಲ ಆದ ಮೇಲೂ ಅದೇ ಆದರೆ ಬೋರ್ಡಿನ ಮೇಲೆ ಅನುಮಾನ ಪಡಬಹುದು.

ಸ್ವಿಚ್ ಹಾಕಿದರೆ ಕಿಡಿಯೂ ಇಲ್ಲ, ಸದ್ದೂ ಇಲ್ಲ.

ಕರೆಂಟು ಎಲ್ಲಿ ನಿಂತಿದೆಯೆಂದು ಸ್ವಿಚ್ಚಿನಿಂದ ಮುಂದಕ್ಕೆ ಹುಡುಕುತ್ತಾ ಹೋಗಿ. ಫ್ಯೂಸ್, ಸ್ವಿಚ್, ಹೀಟರಿಗೆ ಬರುವ ತಂತಿ, ಥರ್ಮೋಸ್ಟಾಟ್, ಅತಿಬಿಸಿ ಕಟ್-ಆಫ್, ಬೋರ್ಡ್: ಒಂದೊಂದರ ಎರಡೂ ಬದಿ ಅಳೆಯಿರಿ. ಒಂದು ಬದಿ 12 ವೋಲ್ಟ್ ಇದ್ದು ಇನ್ನೊಂದು ಬದಿ ಇಲ್ಲದಿದ್ದರೆ ಅದೇ ಅಪರಾಧಿ. ಆಟ್ವುಡ್ ಹೀಟರುಗಳಲ್ಲಿ ಕಂದು ತಂತಿಯ ನಡುವೆ ಪಾರದರ್ಶಕ ಕೊಳವೆಯೊಳಗೆ ಸಣ್ಣದೊಂದು ಥರ್ಮಲ್ ಕಟ್-ಆಫ್ ಇರುತ್ತದೆ. ಉರಿ ಹೊರಕ್ಕೆ ನುಗ್ಗಿದರೆ ಅದು ಕರಗಿ ಸಂಪರ್ಕ ಕಡಿಯುತ್ತದೆ. ಹೊಸದು ಹಾಕುವ ಮೊದಲು ಉರಿ ಹೊರಕ್ಕೆ ಯಾಕೆ ಬಂತೆಂದು ನೋಡಿ, ಹೊಗೆ ಕೊಳವೆ ಕಟ್ಟಿರಬಹುದು. ತಂತಿಯನ್ನು ನೇರ ಜೋಡಿಸಿಬಿಡುವುದು ಮಾತ್ರ ಬೇಡ.

ಬ್ಯಾಟರಿ ಇಳಿದಿದ್ದರೂ ಹೀಗಾಗುತ್ತದೆ. 10.5 ವೋಲ್ಟಿಗಿಂತ ಕೆಳಗೆ ಬೋರ್ಡ್ ಸರಿಯಾಗಿ ನಡೆಯದು.

ಉರಿ ಹಳದಿಯಾಗಿದೆ, ಹೊತ್ತುವಾಗ ‘ಡಬ್’ ಅನ್ನುತ್ತೆ.

ಮೊದಲು ಆರಿಸಿ. ಹಳದಿ ಉರಿ ಎಂದರೆ ಗಾಳಿ ಸಾಲದು. ಮಸಿ ಕಟ್ಟುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ‘ಡಬ್’ ಎಂದರೆ ಗ್ಯಾಸ್ ತಡವಾಗಿ ಹೊತ್ತಿದೆ, ಅಷ್ಟರಲ್ಲಿ ಒಳಗೆ ಸೇರಿಕೊಂಡದ್ದು ಒಮ್ಮೆಲೇ ಸಿಡಿದಿದೆ. ಎರಡಕ್ಕೂ ಸಾಮಾನ್ಯ ಕಾರಣ ಕೊಳವೆಯಲ್ಲಿನ ಕಸ, ಇಲ್ಲವೇ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್ಟಿನ ನೇರಕ್ಕೆ ಇಲ್ಲದೆ ಓರೆಯಾದ ಬರ್ನರ್. ಶುಚಿಮಾಡಿ, ನೇರಮಾಡಿದ ಮೇಲೆ ಬರ್ನರಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಹಲಗೆಯನ್ನು ಕಾಲುಭಾಗ ತೆರೆದಿಟ್ಟು ಅಲ್ಲಿಂದ ಹೊಂದಿಸಿ. ಉರಿ ನೀಲಿಯಾಗಿ, ಬರ್ನರಿಗೆ ಅಂಟಿಕೊಂಡು, ಹದವಾದ ಸದ್ದು ಮಾಡಬೇಕು. ಉರಿ ಬರ್ನರ್ ಬಿಟ್ಟು ಎಗರುತ್ತಿದ್ದರೆ ಗಾಳಿ ಹೆಚ್ಚಾಗಿದೆ. ಜೆಟ್ಟಿನ ತೂತಿಗೆ ಸೂಜಿ, ತಂತಿ ಹಾಕಬೇಡಿ. ಕೂದಲೆಳೆಯಷ್ಟು ಅಗಲವಾದರೂ ಗ್ಯಾಸಿನ ಅಳತೆ ತಪ್ಪುತ್ತದೆ. ಗಾಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಈಗಲೇ ಒತ್ತಿ ನೋಡಿ.

ಗ್ಯಾಸಿನಲ್ಲಿ ಕಾಯುತ್ತೆ, ಕರೆಂಟಿನಲ್ಲಿ ಕಾಯಲ್ಲ.

ಸಬರ್ಬನ್ ಆದರೆ ಹೊರಗಿನ ಬಾಗಿಲು ತೆಗೆದು ಕೆಳಮೂಲೆಯಲ್ಲಿ ಸಣ್ಣ ಕಪ್ಪು ಸ್ವಿಚ್ ಹುಡುಕಿ. ಒಳಗಿನ ಸ್ವಿಚ್ ಹಾಕಿದರೂ ಇದು ಆರಿದ್ದರೆ ಎಲಿಮೆಂಟಿಗೆ ಕರೆಂಟಿಲ್ಲ. ಅದು ಸರಿಯಿದ್ದರೆ ಹೊರಗಿನ ವಿದ್ಯುತ್ ಸಂಪರ್ಕ ಪೂರ್ತಿ ಕಳಚಿ, ಇನ್ವರ್ಟರ್ ಆರಿಸಿ, ಎಲಿಮೆಂಟಿನ ಎರಡೂ ತಂತಿ ಬಿಚ್ಚಿ ಓಮ್ ಅಳೆಯಿರಿ. 120 ವೋಲ್ಟಿನ 1,440 ವ್ಯಾಟ್ ಎಲಿಮೆಂಟ್ 10 ಓಮ್ ತೋರಿಸಬೇಕು. 230 ವೋಲ್ಟಿನದಾದರೆ 900 ವ್ಯಾಟಿಗೆ ಸುಮಾರು 59 ಓಮ್, 1,800 ವ್ಯಾಟಿಗೆ ಸುಮಾರು 29 ಓಮ್. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಎಲಿಮೆಂಟಿನ ತುದಿಗೂ ಟ್ಯಾಂಕಿಗೂ ನಡುವೆ ಓಮ್ ಬಂದರೆ ಹೊದಿಕೆ ಸೀಳಿದೆ. ಬ್ರೇಕರ್ ಬೀಳುವುದಕ್ಕೆ ಅದೇ ಕಾರಣ, ಅಂಥ ಹೀಟರನ್ನು ಇನ್ನೊಮ್ಮೆ ಹಾಕಬಾರದು. ಬದಲಾಯಿಸಲು ಟ್ಯಾಂಕ್ ಖಾಲಿ ಮಾಡಲೇಬೇಕು. ಹಳೆಯ ವಾಷರ್ ತೆಗೆದು ಹೊಸ ರಬ್ಬರ್ ವಾಷರ್ ಹಾಕಿ, ನೀರು ತುಂಬಿ ಸೋರಿಕೆ ಇಲ್ಲವೆಂದು ನೋಡಿದ ಮೇಲೆ ಮಾತ್ರ ಕರೆಂಟು.

ರೀಸೆಟ್ ಗುಂಡಿ ಒತ್ತಿದರೆ ಸರಿಹೋಗುತ್ತೆ, ಎರಡು ದಿನಕ್ಕೆ ಮತ್ತೆ ಬೀಳುತ್ತೆ. ಒತ್ತುತ್ತಾ ಇದ್ದರೆ ಆಗಲ್ವಾ?

ಅದು ಅತಿಬಿಸಿ ಕಟ್-ಆಫ್. ನೀರು ಸುಮಾರು 82 ಡಿಗ್ರಿ ಮುಟ್ಟಿದಾಗ ಬೀಳುತ್ತದೆ, ಅಂದರೆ ಥರ್ಮೋಸ್ಟಾಟ್ ಸಮಯಕ್ಕೆ ನಿಲ್ಲಿಸಿಲ್ಲ. ಥರ್ಮೋಸ್ಟಾಟ್ ಟ್ಯಾಂಕಿಗೆ ಒತ್ತಿಕೊಂಡು ಕೂತಿರಬೇಕು. ಹಿಂದೆ ಸ್ಪಂಜು ಕುಗ್ಗಿ ಸಡಿಲವಾಗಿದ್ದರೆ ಅದಕ್ಕೆ ಟ್ಯಾಂಕಿನ ಬಿಸಿ ತಡವಾಗಿ ತಿಳಿಯುತ್ತದೆ. ಸಂಪರ್ಕಗಳು ಬೆಸೆದುಕೊಂಡು ತೆರೆಯದೆಯೂ ಇರಬಹುದು. ಥರ್ಮೋಸ್ಟಾಟನ್ನೂ ಕಟ್-ಆಫನ್ನೂ ಜೊತೆಯಾಗಿ ಬದಲಾಯಿಸಿ. ಕರೆಂಟಿನಲ್ಲಿ ಕಾಯಿಸುವಾಗ ಮಾತ್ರ ಬೀಳುತ್ತಿದೆಯೋ ಗ್ಯಾಸಿನಲ್ಲೋ ಗಮನಿಸಿ. ಸಬರ್ಬನ್ನಿನಲ್ಲಿ ಎರಡಕ್ಕೂ ಬೇರೆ ಬೇರೆ ಗುಂಡಿಗಳಿವೆ. ಕಾರಣ ಹುಡುಕದೆ ಒತ್ತುತ್ತಾ ಹೋಗುವುದು ಬೇಡ. ಇದರ ನಂತರ ಉಳಿಯುವ ರಕ್ಷಣೆ ಸೇಫ್ಟಿ ವಾಲ್ವ್ ಒಂದೇ.

ಟ್ಯಾಂಕೇ ಸೋರ್ತಿದೆ. ಬೆಸುಗೆ ಹಾಕಿಸಬಹುದಾ, ಹೊಸದೇ ಬೇಕಾ?

ಮೊದಲು ಟ್ಯಾಂಕೇ ಸೋರುತ್ತಿದೆಯೆಂದು ಖಚಿತಮಾಡಿಕೊಳ್ಳಿ. ಹಿಂದಿನ ಪೈಪ್ ಜೋಡಣೆ, ಎಲಿಮೆಂಟಿನ ವಾಷರ್, ಸೇಫ್ಟಿ ವಾಲ್ವಿನ ಎಳೆ, ಡ್ರೈನ್ ಪ್ಲಗ್ ಈ ನಾಲ್ಕನ್ನೂ ಒಣಗಿಸಿ, ಒಂದೊಂದಕ್ಕೂ ಕಾಗದದ ಚೂರು ಸುತ್ತಿ, ಯಾವುದು ನೆನೆಯುತ್ತದೆ ನೋಡಿ. ನಾಲ್ಕೂ ಒಣಗಿದ್ದು ನಿರೋಧಕ ಹೊದಿಕೆಯಿಂದ ನೀರು ಜಿನುಗುತ್ತಿದ್ದರೆ ಟ್ಯಾಂಕ್ ತೂತಾಗಿದೆ. ಬೆಸುಗೆ ಹಾಕಿಸಬೇಡಿ. ಒಂದೆಡೆ ತೂತಾಗುವಷ್ಟು ತೆಳುವಾದ ಲೋಹ ಪಕ್ಕದಲ್ಲೂ ತೆಳುವಾಗಿರುತ್ತದೆ, ಬೆಸುಗೆಯ ಬಿಸಿಗೆ ಉಕ್ಕಿನ ಟ್ಯಾಂಕಿನ ಪಿಂಗಾಣಿ ಲೇಪವೂ ಉದುರುತ್ತದೆ. ಹೆಪ್ಪುಗಟ್ಟಿ ಸೀಳಿದ ಅಲ್ಯೂಮಿನಿಯಂ ಟ್ಯಾಂಕಿಗೂ ಇದೇ ಮಾತು.

ಬರ್ನರ್, ಬೋರ್ಡ್, ವಾಲ್ವ್ ಚೆನ್ನಾಗಿದ್ದರೆ ಕೆಲವು ಮಾದರಿಗಳಿಗೆ ಒಳಗಿನ ಟ್ಯಾಂಕ್ ಮಾತ್ರ ಬಿಡಿಯಾಗಿ ಸಿಗುತ್ತದೆ. ಇಡೀ ಹೀಟರ್ ಕೊಳ್ಳುವುದಾದರೆ ಗ್ಯಾಲನ್ ನೋಡಿ ಕೊಳ್ಳಬೇಡಿ. ಗೋಡೆಯಲ್ಲಿ ಕೊರೆದಿರುವ ಕಿಂಡಿಯ ಅಗಲ, ಎತ್ತರ, ಆಳ ಅಳೆದುಕೊಳ್ಳಿ. ಹಳೆಯದರ ಗ್ಯಾಸ್ ಪೈಪ್ ಯಾವ ಬದಿಯಿಂದ ಬರುತ್ತದೆ, ಹಿಂದಿನ ನೀರಿನ ಜೋಡಣೆಗಳು ಎಲ್ಲಿವೆ, ಎಂಜಿನ್ ಕೂಲಂಟಿನಿಂದ ಕಾಯಿಸುವ ಸುರುಳಿ ಇದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಬೇರೆ ತಯಾರಕರ ಹೀಟರಿಗೆ ಹೊರಬಾಗಿಲಿನ ಚೌಕಟ್ಟೂ ಬೇರೆ ಬೇಕಾಗುತ್ತದೆ. ಕೂರಿಸುವಾಗ ಚೌಕಟ್ಟಿನ ಹಿಂದೆ ಬ್ಯುಟೈಲ್ ಟೇಪ್ ಪೂರ್ತಿ ಸುತ್ತಿರಲಿ, ಇಲ್ಲದಿದ್ದರೆ ಮಳೆನೀರು ಗೋಡೆಯೊಳಗೆ ಇಳಿಯುತ್ತದೆ. ಗ್ಯಾಸ್ ಜೋಡಣೆಯನ್ನು ಅರ್ಹತೆ ಇರುವವರಿಂದಲೇ ಮಾಡಿಸಿ. ಮುಗಿದ ಮೇಲೆ ಪ್ರತಿ ಗ್ಯಾಸ್ ಜೋಡಣೆಗೂ ಸೋಪಿನ ನೊರೆ ಹಚ್ಚಿ, ಒಂದು ಗುಳ್ಳೆಯೂ ಏಳದಿದ್ದರೆ ಮಾತ್ರ ಟ್ಯಾಂಕ್ ತುಂಬಿಸಿ ಹೊತ್ತಿಸಿ.